ಆಂಜಿಯೋದಲ್ಲಿ 60, ಐವಸ್‌ನಲ್ಲಿ 80: ಯಾವುದನ್ನು ನಂಬೋದು?

ಪ್ರಶ್ನೆ: ನಮ್ಮದು ಸೇಡಂ ತಾಲ್ಲೂಕು. ಅಪ್ಪನಿಗೆ 62 ವರ್ಷ, ತೊಗರಿ ಬೆಳೆಯುತ್ತಾರೆ. ಹೊಲಕ್ಕೆ ನಡೆದು ಹೋಗುವಾಗ ಎದೆ ಬಿಗಿದಂತಾಗಿ ನಿಂತುಬಿಡುತ್ತಿದ್ದರು. ಟಿಎಂಟಿ (ಓಡುವ ಪಟ್ಟಿಯ ಮೇಲೆ ನಡೆಸಿ ಮಾಡುವ ಇಸಿಜಿ) ಪಾಸಿಟಿವ್ ಬಂತು. ಕಲಬುರಗಿಯ ಒಂದು ಆಸ್ಪತ್ರೆಯಲ್ಲಿ ಆಂಜಿಯೋಗ್ರಾಮ್ ಮಾಡಿ, ‘ಎಲ್‌ಎಡಿಯಲ್ಲಿ (ಹೃದಯದ ಮುಂಭಾಗದ ರಕ್ತನಾಳದಲ್ಲಿ) 60% ಬ್ಲಾಕ್ ಇದೆ, ಸದ್ಯಕ್ಕೆ ಮಾತ್ರೆ ಸಾಕು’ ಅಂದರು. ಮೂರು ತಿಂಗಳು ಮಾತ್ರೆ ತಗೊಂಡರೂ ನೋವು ನಿಲ್ಲಲಿಲ್ಲ. ಇನ್ನೊಂದು ಆಸ್ಪತ್ರೆಯಲ್ಲಿ ಐವಸ್ (ನಾಳದ ಒಳಗಿಂದ ಮಾಡುವ ಅಲ್ಟ್ರಾಸೌಂಡ್) ಮಾಡಿ ‘80%’ ಅಂದರು, ಸ್ಟೆಂಟ್ ಹಾಕಿದರು. ರಿಪೋರ್ಟ್‌ನಲ್ಲಿ ಹೀಗಿದೆ: ಎಂಎಲ್‌ಎ 2.6 ಚದರ ಮಿ.ಮೀ., ಇಇಎಂ 13.0, ಪ್ಲಾಕ್ ಬರ್ಡನ್ 80%, ಕ್ಯಾಲ್ಸಿಯಂ 200 ಡಿಗ್ರಿ, ಸ್ಟೆಂಟ್ 3.0 x 33 (ಅಗಲ, ಉದ್ದ ಮಿ.ಮೀ.ನಲ್ಲಿ), ಎಂಎಸ್‌ಎ ಮೊದಲು 4.8, ಆಮೇಲೆ 6.2. ಜೊತೆಗೆ ಮೂರು ಕಪ್ಪು-ಬಿಳುಪು ಫೋಟೋ ಮತ್ತು ಒಂದು ಸಿಡಿ. ‘ಇದರಾಗ ಬ್ಲಾಕ್ ಎಲ್ಲದ ತೋರಸು’ ಅಂತ ಅಪ್ಪ ಕೇಳ್ತಾರೆ. ನನಗೂ ತಿಳೀತಿಲ್ಲ. 60 ನಿಜವಾ, 80 ನಿಜವಾ? ಸ್ಟೆಂಟ್ ಬೇಕಿತ್ತಾ? ನಮ್ಮ ತಮ್ಮನಿಗೂ ಐವಸ್ ಮಾಡಿಸಬೇಕಾ?

ಉತ್ತರ: ಎರಡೂ ನಿಜ. ಮೂರು ತಿಂಗಳಲ್ಲಿ ಬ್ಲಾಕ್ 60ರಿಂದ 80ಕ್ಕೆ ಏರಿಲ್ಲ. ಒಬ್ಬರು ಸುಳ್ಳು ಹೇಳಿ ಇನ್ನೊಬ್ಬರು ಸತ್ಯ ಹೇಳಿದ್ದೂ ಅಲ್ಲ. ಅವರಿಬ್ಬರೂ ಬೇರೆ ಬೇರೆ ವಸ್ತುವನ್ನು ಅಳೆದಿದ್ದಾರೆ, ಇಬ್ಬರೂ ಶೇಕಡಾ ಅಂತಲೇ ಬರೆದಿದ್ದಾರೆ. ಗೊಂದಲ ಹುಟ್ಟಿದ್ದು ಅಲ್ಲಿ. ಇದನ್ನ ಬಿಡಿಸೋಕೆ ಮೊದಲು ಆ ಫೋಟೋ ಓದೋದನ್ನ ಕಲಿಯೋಣ. ನಿಮ್ಮ ಮೊದಲನೇ ಫೋಟೋವನ್ನ ಮುಂದೆ ಇಟ್ಕೊಳ್ಳಿ.

ಆಂಜಿಯೋಗ್ರಾಮ್ ಅಂದ್ರೆ ನೆರಳು. ನಾಳದೊಳಗೆ ಡೈ ಬಿಟ್ಟು ಎಕ್ಸ್‌ರೇ ತೆಗೀತಾರೆ. ಡೈ ಹರಿದ ದಾರಿ ಕಾಣುತ್ತೆ, ದಾರಿಯ ಗೋಡೆ ಕಾಣೋದಿಲ್ಲ. ಐವಸ್‌ನಲ್ಲಿ ಹಾಗಲ್ಲ. ಕೂದಲಿನಂಥ ತಂತಿಯ ಮೇಲೆ ಸುಮಾರು 1 ಮಿ.ಮೀ. ದಪ್ಪದ ಕ್ಯಾಥೆಟರ್ ಅನ್ನು ನಾಳದ ಒಳಗೇ ಕಳಿಸ್ತಾರೆ. ಅದರ ತುದಿಯಲ್ಲಿ ಪುಟ್ಟ ಅಲ್ಟ್ರಾಸೌಂಡ್ ಇರುತ್ತೆ. ಬೋರ್‌ವೆಲ್‌ಗೆ ಕ್ಯಾಮೆರಾ ಇಳಿಸಿ ನೋಡ್ತಾರಲ್ಲ, ಅಂಥದ್ದೇ ಕೆಲಸ. ಆದರೆ ಆ ಕ್ಯಾಮೆರಾ ಕೇಸಿಂಗ್‌ನ ಒಳಮೈ ಮಾತ್ರ ತೋರಿಸುತ್ತೆ. ಐವಸ್ ಕೇಸಿಂಗ್‌ನ ಹಿಂದೆ ಏನಿದೆ ಅನ್ನೋದನ್ನೂ ತೋರಿಸುತ್ತೆ. ಅದಕ್ಕೇ ಅದಕ್ಕೆ ಅಷ್ಟು ಬೆಲೆ.

ಈಗ ಫೋಟೋ. ನಟ್ಟನಡುವೆ ಇರೋ ಕಪ್ಪು ಚುಕ್ಕಿ ಬ್ಲಾಕ್ ಅಲ್ಲ. ಬಹಳ ಜನ ಅದನ್ನೇ ತೋರಿಸಿ ‘ಇದೇ ಬ್ಲಾಕ್ ಅಲ್ವಾ ಸರ್’ ಅಂತಾರೆ. ಅದು ಕ್ಯಾಥೆಟರ್. ಅದರ ಸುತ್ತ ತೆಳ್ಳನೆಯ ಬಿಳಿ ಉಂಗುರ ಕಂಡರೆ ಅದೂ ಕ್ಯಾಥೆಟರ್‌ನದೇ ಸದ್ದು, ರೋಗ ಅಲ್ಲ. ಆಮೇಲೆ ಬೂದು ಬಣ್ಣದ, ಸಣ್ಣ ಸಣ್ಣ ಚುಕ್ಕಿ ತುಂಬಿದ ಜಾಗ ಬರುತ್ತೆ. ಅದು ರಕ್ತ. ರಕ್ತ ಎಲ್ಲಿಯವರೆಗೆ ಇದೆಯೋ ಅದು ದಾರಿ, ನಾವು ಲ್ಯೂಮೆನ್ ಅಂತೀವಿ. ಅದರಾಚೆ ಕೊಂಚ ದಟ್ಟ ಬೂದು ಬಣ್ಣದ ಗೋಡೆ ಕಾಣುತ್ತೆ. ಆ ಗೋಡೆಯ ಹೊರಗೆ ಒಂದು ತೆಳುವಾದ ಕಪ್ಪು ಗೆರೆ ಸುತ್ತಿ ಬಂದಿರುತ್ತೆ. ಆ ಕಪ್ಪು ಗೆರೆಯ ಹೊರಗೆ ಹೊಳೆಯುವ ಬಿಳಿ. ಕಪ್ಪು ಗೆರೆ ಮೀಡಿಯಾ, ಅಂದ್ರೆ ನಾಳದ ಸ್ನಾಯುವಿನ ಪದರ. ಹೊರಗಿನ ಬಿಳಿ ಅಡ್ವೆಂಟಿಶಿಯಾ, ಅಂದ್ರೆ ನಾಳದ ಹೊರಹೊದಿಕೆ. ಇವೆರಡೂ ಸೇರುವ ಅಂಚಿಗೆ ಇಇಎಂ ಅಂತಾರೆ.

ಐವಸ್ ಓದೋದು ಅಂದ್ರೆ ಮುಖ್ಯವಾಗಿ ಈ ಎರಡು ಗೆರೆ ಎಳೆಯೋದು. ಒಳಗೆ ಲ್ಯೂಮೆನ್‌ನ ಅಂಚು, ಹೊರಗೆ ಇಇಎಂ. ಎರಡರ ನಡುವೆ ಇರೋದೇ ನಿಮ್ಮ ಅಪ್ಪ ಕೇಳಿದ ಬ್ಲಾಕ್. ಗೋಡೆಯಲ್ಲಿ ಕೂತ ಈ ಕೊಬ್ಬು, ಸುಣ್ಣದ ಪದರಕ್ಕೆ ಪ್ಲಾಕ್ ಅಂತೀವಿ. ಅವರಿಗೆ ಅದನ್ನೇ ತೋರಿಸಿ. ನಡುವಿನ ಕಪ್ಪು ಚುಕ್ಕಿ ಬಿಟ್ಟು, ಅದರ ಸುತ್ತ ಒಂದು ಕಡೆ ದಪ್ಪಗೆ, ಇನ್ನೊಂದು ಕಡೆ ತೆಳ್ಳಗೆ ಕೂತಿರೋ ಬೂದು ಹೊದಿಕೆ. ಎಲ್ಲ ಕಡೆ ಒಂದೇ ದಪ್ಪ ಇರೋದು ಅಪರೂಪ.

ಒಂದು ಮಾತು. ನಿಂತ ಫೋಟೋದಲ್ಲಿ ಲ್ಯೂಮೆನ್‌ನ ಅಂಚು ಹುಡುಕೋದು ನಮಗೂ ಕಷ್ಟ. ವಿಡಿಯೋದಲ್ಲಿ ಸುಲಭ. ರಕ್ತ ಮಿನುಗುತ್ತಾ ಕದಲುತ್ತೆ, ಪ್ಲಾಕ್ ಅಲುಗಾಡೋದಿಲ್ಲ. ಅನುಮಾನ ಬಂದರೆ ಕ್ಯಾಥ್‌ಲ್ಯಾಬ್‌ನಲ್ಲೇ ಸ್ವಲ್ಪ ಸಲೈನ್ ಬಿಟ್ಟು ರಕ್ತವನ್ನ ಕ್ಷಣಕಾಲ ತೊಳೀತೀವಿ, ದಾರಿ ಕಪ್ಪಗೆ ಬಿಚ್ಚಿಕೊಳ್ಳುತ್ತೆ. ಕ್ಯಾಥೆಟರ್ ಅನ್ನು ಮೋಟಾರ್ ಹಿಂದಕ್ಕೆ ಎಳೆಯುತ್ತೆ, ಸಾಮಾನ್ಯವಾಗಿ ಸೆಕೆಂಡಿಗೆ ಅರ್ಧ ಮಿ.ಮೀ. 60 ಮಿ.ಮೀ. ನಾಳ ನೋಡೋಕೆ ಎರಡು ನಿಮಿಷ. ಸೆಕೆಂಡಿಗೆ 30 ಚಿತ್ರದಂತೆ 3600 ಚಿತ್ರ ಆಯ್ತು. ನಿಮ್ಮ ಕೈಯಲ್ಲಿರೋದು ಅದರಲ್ಲಿ ಮೂರು ಮಾತ್ರ. ಅದಕ್ಕೇ ಹೇಳೋದು, ಸಿಡಿ ಕಳೀಬೇಡಿ. ಮುಂದೆ ಯಾವ ಡಾಕ್ಟರ್ ಹತ್ತಿರ ಹೋದರೂ ಬೇಕಾಗೋದು ಅದೇ.

ಈಗ ಶೇಕಡಾ ಲೆಕ್ಕ. ಅಪ್ಪನ ನಾಳದ ಅತಿ ಇಕ್ಕಟ್ಟಿನ ಜಾಗದಲ್ಲಿ ಲ್ಯೂಮೆನ್‌ನ ವಿಸ್ತೀರ್ಣ 2.6 ಚದರ ಮಿ.ಮೀ. ಇದೇ ಎಂಎಲ್‌ಎ. ಅದೇ ಚಿತ್ರದಲ್ಲಿ ಹೊರಗಿನ ಗೆರೆಯ ವಿಸ್ತೀರ್ಣ 13.0. ಹದಿಮೂರರಲ್ಲಿ 2.6 ಕಳೆದರೆ 10.4. ಅದು ಹದಿಮೂರರ 80 ಭಾಗ. ಅಂದ್ರೆ 80% ಅನ್ನೋದು ನಾಳದ ಒಟ್ಟು ಜಾಗದಲ್ಲಿ ಪ್ಲಾಕ್ ಎಷ್ಟು ಕೂತಿದೆ ಅನ್ನೋ ಲೆಕ್ಕ. ದಾರಿ ಎಷ್ಟು ಕಟ್ಟಿದೆ ಅನ್ನೋದಲ್ಲ.

ದಾರಿಯ ಲೆಕ್ಕ ಬೇಕಾದರೆ ಪಕ್ಕದ ಚೆನ್ನಾಗಿರೋ ಜಾಗದ ಜೊತೆ ಹೋಲಿಸಬೇಕು. ನೀವು ಕಳಿಸಿದ ರಿಪೋರ್ಟ್‌ನ ಎರಡನೇ ಪುಟದಲ್ಲಿ ಅದೂ ಇದೆ. ಮೇಲ್ಗಡೆ ಲ್ಯೂಮೆನ್ 3.4 ಮಿ.ಮೀ. ಅಗಲ, ಅಂದ್ರೆ 9.1 ಚದರ ಮಿ.ಮೀ. ಕೆಳಗಡೆ 2.9 ಮಿ.ಮೀ., ಅಂದ್ರೆ 6.6. ಸರಾಸರಿ ಸುಮಾರು 7.85. ಅದರ ಮುಂದೆ 2.6 ಅಂದ್ರೆ ದಾರಿಯ ವಿಸ್ತೀರ್ಣ 67% ಕಡಿಮೆ ಆಗಿದೆ. ಅದನ್ನೇ ಅಗಲದ ಲೆಕ್ಕದಲ್ಲಿ ನೋಡಿದರೆ 3.2 ಮಿ.ಮೀ. ಇರಬೇಕಾದ ಕಡೆ 1.8 ಇದೆ, ಅಂದ್ರೆ 42% ಕಡಿಮೆ.

ನೋಡಿ, ಒಂದೇ ಜಾಗ. 42, 67, 80. ಮೂರೂ ಸರಿ. ಆಂಜಿಯೋದ 60 ಅಗಲದ ಲೆಕ್ಕ, ಅದೂ ಕಣ್ಣಂದಾಜು. ಕಣ್ಣಂದಾಜು ಸಾಮಾನ್ಯವಾಗಿ ಅಳತೆಗಿಂತ ಜಾಸ್ತಿನೇ ಬರುತ್ತೆ, ಯಾವ ಕೋನದಿಂದ ನೋಡಿದರು ಅನ್ನೋದರ ಮೇಲೂ ಬದಲಾಗುತ್ತೆ. ಹಾಗಾಗಿ ‘ಅಲ್ಲಿ 60 ಇದ್ದದ್ದು ಇಲ್ಲಿ 80 ಆಯ್ತು’ ಅಂತ ಯಾರಾದರೂ ಹೇಳಿದರೆ ನಂಬಬೇಡಿ. ರೋಗಿಯ ಮನೆಯವರಿಗೆ ಪ್ಲಾಕ್ ಬರ್ಡನ್‌ನ ಶೇಕಡಾವನ್ನ ಬ್ಲಾಕ್ ಅಂತ ಹೇಳೋದು ನನಗೆ ಸರಿ ಕಾಣೋದಿಲ್ಲ. 80 ಅಂದ ಕೂಡಲೇ ಜನ ಹೆದರ್ತಾರೆ. ಹೆದರಿದವರು ಏನಕ್ಕೂ ಹೂಂ ಅಂತಾರೆ.

ಇಷ್ಟೊಂದು ಪ್ಲಾಕ್ ಕೂತಿದ್ದರೂ ದಾರಿ ಅಷ್ಟು ಉಳಿದದ್ದು ಹೇಗೆ? ನಾಳ ಹೊರಕ್ಕೆ ಹಿಗ್ಗುತ್ತೆ. ಇದನ್ನ 1987ರಲ್ಲಿ ಗ್ಲಾಗೋವ್ ಮತ್ತು ಜೊತೆಗಾರರು ತೋರಿಸಿದರು. ಪ್ಲಾಕ್ ನಾಳದ ಸುಮಾರು 40% ತುಂಬೋವರೆಗೂ ನಾಳ ಹೊರಗೆ ಹಿಗ್ಗಿ ದಾರಿಯನ್ನ ಉಳಿಸಿಕೊಳ್ಳುತ್ತೆ. ಅಷ್ಟೂ ದಿನ ಆಂಜಿಯೋ ನಾರ್ಮಲ್ ಅಂತಲೇ ಬರಬಹುದು. ಅಪ್ಪನ ರಿಪೋರ್ಟ್‌ನಲ್ಲೂ ಇದರ ಗುರುತಿದೆ. ಹೊರಗಿನ ಗೆರೆ ಮೇಲ್ಗಡೆ 14, ಕೆಳಗಡೆ 10.5. ಸರಾಸರಿ 12.25. ರೋಗದ ಜಾಗದಲ್ಲಿ 13. ಅಂದ್ರೆ ನಾಳ ಕೊಂಚ ಉಬ್ಬಿದೆ.

ಹಾಗಾದ್ರೆ ಸ್ಟೆಂಟ್ ಬೇಕಿತ್ತಾ? ಎಂಎಲ್‌ಎ ಸಂಖ್ಯೆ ಒಂದರಿಂದಲೇ ಇದಕ್ಕೆ ಉತ್ತರ ಸಿಗೋದಿಲ್ಲ. ಮೊದಲೆಲ್ಲ 4 ಚದರ ಮಿ.ಮೀ. ಅನ್ನೋ ಗೆರೆ ಇತ್ತು. ಅದಕ್ಕಿಂತ ಜಾಸ್ತಿ ಇದ್ದರೆ ಸುಮ್ನೆ ಬಿಡಬಹುದು ಅನ್ನೋದು ಅದರ ಸರಿಯಾದ ಅರ್ಥ. ಕಡಿಮೆ ಇದ್ದರೆಲ್ಲ ಸ್ಟೆಂಟ್ ಅಂತ ತಿರುಗಿಸಿ ಓದಿದರೆ ಬೇಡದ ಸ್ಟೆಂಟ್ ಬೀಳುತ್ತೆ. ಆಮೇಲೆ ನಾಳದ ಒಳಗೆ ಒತ್ತಡ ಅಳೆಯೋ ತಂತಿ, ಅಂದ್ರೆ ಎಫ್‌ಎಫ್‌ಆರ್ ಜೊತೆ ಹೋಲಿಸಿ ನೋಡಿದಾಗ ಈ ಗೆರೆ ಕೆಳಗಿಳಿಯಿತು. ಬೇರೆ ಬೇರೆ ಅಧ್ಯಯನಗಳಲ್ಲಿ 3ರ ಹತ್ತಿರ, ಕೊರಿಯಾದ ರೋಗಿಗಳಲ್ಲಿ 2.4. ಎಡಗಡೆಯ ಮುಖ್ಯ ನಾಳ, ನಾವು ಲೆಫ್ಟ್ ಮೇನ್ ಅನ್ನೋದು, ಅದರ ಲೆಕ್ಕವೇ ಬೇರೆ. ಅಲ್ಲಿ 6ಕ್ಕಿಂತ ಜಾಸ್ತಿ ಇದ್ದರೆ ಬಿಟ್ಟುಬಿಡಬಹುದು. ದೊಡ್ಡ ನಾಳದಲ್ಲಿ 2.6 ಬಹಳ ಇಕ್ಕಟ್ಟು. ಚಿಕ್ಕ ಕವಲಿನಲ್ಲಿ ಅದೇ 2.6 ಸಾಕಷ್ಟಾಗಬಹುದು.

ಅಪ್ಪನ 2.6 ಹೀಗೂ ಹಾಗೂ ಹೇಳಲಾಗದ ನಡುವಿನ ಜಾಗದಲ್ಲೇ ಬರುತ್ತೆ. ಆದರೆ ಅವರ ವಿಷಯದಲ್ಲಿ ಅದೊಂದೇ ಇಲ್ಲ. ನಡೆದರೆ ಎದೆ ಬಿಗಿಯುತ್ತೆ, ನಿಂತರೆ ಬಿಡುತ್ತೆ. ಟಿಎಂಟಿ ಪಾಸಿಟಿವ್. ಮೂರು ತಿಂಗಳು ಮಾತ್ರೆ ಕೊಟ್ಟರೂ ನೋವು ಹೋಗಲಿಲ್ಲ. ರೋಗ ಇರೋದು ಎಲ್‌ಎಡಿಯ ಮೇಲ್ಭಾಗದಲ್ಲಿ, ಹೃದಯದ ಮುಂಭಾಗಕ್ಕೆಲ್ಲ ರಕ್ತ ಹೋಗೋದು ಅಲ್ಲಿಂದ. ನನ್ನನ್ನ ಕೇಳಿದರೆ ಸ್ಟೆಂಟ್ ಹಾಕಿದ್ದು ಸರಿ. ಮೊದಲನೇ ಆಸ್ಪತ್ರೆ ಮಾತ್ರೆ ಕೊಟ್ಟು ಕಾದದ್ದೂ ಸರಿ. ಇದೇ 2.6 ಒಬ್ಬ ನೋವಿಲ್ಲದ ಮನುಷ್ಯನಲ್ಲಿ ಕಂಡಿದ್ದರೆ ನಾನು ಎಫ್‌ಎಫ್‌ಆರ್ ಮಾಡದೆ ಸ್ಟೆಂಟ್ ಹಾಕುತ್ತಿರಲಿಲ್ಲ. ಅದು 0.80ಕ್ಕಿಂತ ಜಾಸ್ತಿ ಬಂದರೆ ಮಾತ್ರೆಯೇ ಸಾಕು.

ಎರಡನೇ ಫೋಟೋಗೆ ಬನ್ನಿ. ಅದರಲ್ಲಿ ಒಂದು ಕಡೆ ಬಿಳಿ ಕಮಾನು ಹೊಳೀತಿದೆ, ಅದರ ಹಿಂದೆ ಕಪ್ಪು ಕತ್ತಲೆ. ಅದು ಕ್ಯಾಲ್ಸಿಯಂ. ಸದ್ದಿನ ಅಲೆ ಸುಣ್ಣಕ್ಕೆ ಬಡಿದು ವಾಪಸ್ ಬರುತ್ತೆ, ಹಿಂದೆ ಹೋಗೋದೇ ಇಲ್ಲ. ಅದಕ್ಕೇ ಕತ್ತಲೆ. ಅಡ್ವೆಂಟಿಶಿಯಾಗಿಂತ ಜಾಸ್ತಿ ಹೊಳಪು, ಹಿಂದೆ ನೆರಳು, ಎರಡೂ ಇದ್ದರೆ ಕ್ಯಾಲ್ಸಿಯಂ. ಹೊಳಪಿಲ್ಲದೆ ಹಿಂದೆ ಮಾತ್ರ ಕತ್ತಲೆ ಇದ್ದರೆ ಅದು ಬೇರೆ ಜಾತಿ. ಕೊಬ್ಬು ತುಂಬಿದ ಮೆತ್ತನೆಯ ಪ್ಲಾಕ್ ಹೆಚ್ಚಾಗಿ ಹೀಗೆ ಕಾಣುತ್ತೆ. ಬಲೂನ್ ಉಬ್ಬಿಸಿದಾಗ ಅದರ ಚೂರು ಮುಂದೆ ಹೋಗಿ ಸಣ್ಣ ನಾಳ ಕಟ್ಟಿಕೊಳ್ಳೋ ಭಯ ಇರುತ್ತೆ. ಅಪ್ಪನ ಚಿತ್ರದಲ್ಲಿ ಅದು ಕಾಣಲಿಲ್ಲ.

ಕ್ಯಾಲ್ಸಿಯಂ ಅನ್ನ ಗಡಿಯಾರದ ಲೆಕ್ಕದಲ್ಲಿ ಹೇಳ್ತೀವಿ. ಒಂದು ಗಂಟೆಗೆ 30 ಡಿಗ್ರಿ. ನಿಮ್ಮ ಫೋಟೋದಲ್ಲಿ ಬಿಳಿ ಕಮಾನು 1 ಗಂಟೆಯ ಜಾಗದಿಂದ ಹೊರಟು 7 ದಾಟಿ 8ರ ಹತ್ತಿರ ನಿಂತಿದೆ. ಅಲ್ಲಿಗೆ 200 ಡಿಗ್ರಿ ಆಯ್ತು, ಅಂದ್ರೆ ಅರ್ಧಕ್ಕಿಂತ ಸ್ವಲ್ಪ ಜಾಸ್ತಿ. ಈ ನೆರಳಿನಲ್ಲಿ ಹೊರಗಿನ ಗೆರೆ ಕಾಣೋದಿಲ್ಲ, ಗಮನಿಸಿ. ನೆರಳು 90 ಡಿಗ್ರಿಗಿಂತ ಜಾಸ್ತಿ ಇದ್ದರೆ ಇಇಎಂ ಅಳೆಯಬಾರದು, ಅಳೆದರೆ ಅದು ಊಹೆ. ನಿಮ್ಮ ಡಾಕ್ಟರ್ 13.0 ಅಂತ ಅಳೆದದ್ದು ಮೊದಲನೇ ಚಿತ್ರದಲ್ಲಿ, ಅಲ್ಲಿ ಕ್ಯಾಲ್ಸಿಯಂ ಇಲ್ಲ. ಸುಣ್ಣ ಇರೋದು ಅದಕ್ಕಿಂತ 3 ಮಿ.ಮೀ. ಮೇಲೆ. ಅಚ್ಚುಕಟ್ಟಾಗಿ ಅಳೆದಿದ್ದಾರೆ. ಎಲ್ಲ ರಿಪೋರ್ಟ್‌ಗಳಲ್ಲೂ ಇಷ್ಟು ಎಚ್ಚರ ಇರೋದಿಲ್ಲ.

ಸುಣ್ಣದ ದಪ್ಪ ಎಷ್ಟು ಅಂತ ಐವಸ್ ಹೇಳೋದಿಲ್ಲ, ನೆರಳು ಬೀಳುತ್ತಲ್ಲ. ದಪ್ಪ ನೋಡೋಕೆ ಓಸಿಟಿ ಅಂತ ಇನ್ನೊಂದು ವಿಧಾನ ಇದೆ, ಬೆಳಕು ಬಳಸಿ ನೋಡೋದು. ಅದು ಬಹಳ ಸೂಕ್ಷ್ಮ, 10ರಿಂದ 20 ಮೈಕ್ರಾನ್‌ವರೆಗೆ ಬಿಡಿಸಿ ತೋರಿಸುತ್ತೆ. ಆದರೆ ಆಳ 1-2 ಮಿ.ಮೀ. ಮಾತ್ರ, ಮತ್ತೆ ಡೈ ಜಾಸ್ತಿ ಬೇಕು. ಕಿಡ್ನಿ ಸೋತಿರೋ ಸಕ್ಕರೆ ಕಾಯಿಲೆಯವರಿಗೆ ನಾನು ಐವಸ್ ಕಡೆಗೇ ವಾಲುತ್ತೇನೆ.

ಕ್ಯಾಲ್ಸಿಯಂ 270 ಡಿಗ್ರಿ ದಾಟಿ 5 ಮಿ.ಮೀ. ಉದ್ದ ಇದ್ದರೆ, ಸುತ್ತೂ 360 ಇದ್ದರೆ, ಗಂಟಾಗಿ ಒಳಕ್ಕೆ ಉಬ್ಬಿದ್ದರೆ, ಅಥವಾ ನಾಳವೇ 3.5 ಮಿ.ಮೀ.ಗಿಂತ ಸಣ್ಣದಿದ್ದರೆ ಒಂದೊಂದು ಅಂಕ ಕೊಡ್ತೀವಿ. ಎರಡು ಅಂಕ ಆಯ್ತು ಅಂದ್ರೆ ಮೊದಲು ಸುಣ್ಣ ಒಡೆದು ಆಮೇಲೆ ಸ್ಟೆಂಟ್. ಅಪ್ಪನಿಗೆ ಒಂದೂ ಅಂಕ ಬೀಳೋದಿಲ್ಲ. ಅದಕ್ಕೇ ಸುಣ್ಣ ಕೊರೆಯೋ ರೋಟಾ ಗೀಟಾ ಏನೂ ಮಾಡದೆ ಬಲೂನಿನಲ್ಲೇ ಮುಗಿಸಿದ್ದಾರೆ.

ಆದರೂ ಆ 200 ಡಿಗ್ರಿ ಸುಮ್ನೆ ಬಿಟ್ಟಿಲ್ಲ. ಮೂರನೇ ಫೋಟೋದಲ್ಲಿ ವೃತ್ತಾಕಾರವಾಗಿ ಬಿಳಿ ಚುಕ್ಕಿಗಳು ಕಾಣ್ತವೆ, ಅವು ಸ್ಟೆಂಟ್‌ನ ತಂತಿಗಳು. ಆ ಚುಕ್ಕಿಗಳ ಒಳಗಿನ ವಿಸ್ತೀರ್ಣದಲ್ಲಿ ಅತಿ ಕಡಿಮೆ ಇರೋದು ಎಂಎಸ್‌ಎ. ಮೊದಲ ಸಲ ಉಬ್ಬಿಸಿದಾಗ 4.8. ಡಬ್ಬಿಯ ಮೇಲೆ 3.0 ಅಂತ ಬರೆದಿರೋ ಸ್ಟೆಂಟ್ ಪೂರ್ತಿ ಅರಳಿದರೆ 7 ಚದರ ಮಿ.ಮೀ. ಬರಬೇಕು. 4.8 ಅಂದ್ರೆ ಆ ಜಾಗದಲ್ಲಿ ಅದು ಎರಡೂವರೆ ಮಿ.ಮೀ.ಗೆ ಮಾತ್ರ ಅರಳಿತ್ತು. ಎಲ್ಲಿ? ಆ ಸುಣ್ಣದ ಜಾಗದಲ್ಲೇ. ಆಂಜಿಯೋದಲ್ಲಿ ಇದು ಹೆಚ್ಚಾಗಿ ಕಾಣೋದೇ ಇಲ್ಲ. ಡೈ ಚೆನ್ನಾಗಿ ಹರೀತಿದೆ, ಎಲ್ಲರೂ ಕೈ ತೊಳ್ಕೊಂಡು ಹೊರಗೆ ಬರ್ತಾರೆ. ಇಲ್ಲಿ ಐವಸ್ ಮತ್ತೆ ಬಿಟ್ಟು ನೋಡಿದ್ದರಿಂದ ಗೊತ್ತಾಯ್ತು. 3.5ರ ಗಟ್ಟಿ ಬಲೂನ್ ಹಾಕಿ ಜಾಸ್ತಿ ಒತ್ತಡ ಕೊಟ್ಟು 6.2ಕ್ಕೆ ತಂದಿದ್ದಾರೆ.

6.2 ಸಾಕಾ? ಸಾಕು. ಲೆಫ್ಟ್ ಮೇನ್ ಬಿಟ್ಟು ಉಳಿದ ನಾಳಗಳಲ್ಲಿ ಐವಸ್ ಅಳತೆಯಲ್ಲಿ 5.5ಕ್ಕಿಂತ ಜಾಸ್ತಿ ಇರಲಿ ಅಂತ ನೋಡ್ತೀವಿ. ನಾಳ ಚಿಕ್ಕದಾದರೆ ಕೆಳಗಡೆಯ ಲ್ಯೂಮೆನ್‌ನ 90% ಆದರೂ ಬರಬೇಕು. ಅಪ್ಪನದು 6.6ಕ್ಕೆ 6.2, ಅಂದ್ರೆ 94%. ಸ್ಟೆಂಟ್‌ನ ಎರಡು ತುದಿ ಇಳಿದ ಕಡೆ ಪ್ಲಾಕ್ ಎಷ್ಟಿದೆ ಅಂತಲೂ ನೋಡಬೇಕು, 50%ಗಿಂತ ಕಡಿಮೆ ಇದ್ದರೆ ಒಳ್ಳೇದು. ಲೆಕ್ಕ ಹಾಕಿದೆ, ಮೇಲೆ 35, ಕೆಳಗೆ 37. ತುದಿಯಲ್ಲಿ ನಾಳದ ಗೋಡೆ ಸೀಳಿಲ್ಲ. ತಂತಿಯ ಹಿಂದೆ ರಕ್ತ ಆಡೋ ಕಪ್ಪು ಸಂದೂ ಇಲ್ಲ. ಒಳ್ಳೆ ಕೆಲಸ.

ಇದರಿಂದ ಲಾಭ ಇದೆಯಾ ಅನ್ನೋದಕ್ಕೂ ಪುರಾವೆ ಇದೆ. 2015ರಲ್ಲಿ ಬಂದ ಕೊರಿಯಾದ ಐವಸ್-ಎಕ್ಸ್‌ಪಿಎಲ್ ಅಧ್ಯಯನದಲ್ಲಿ ನಿಮ್ಮ ಅಪ್ಪನ ಹಾಗೆ ಉದ್ದದ ಸ್ಟೆಂಟ್, 28 ಮಿ.ಮೀ. ಮತ್ತು ಮೇಲ್ಪಟ್ಟು, ಬೇಕಿದ್ದ 1400 ಜನ ಇದ್ದರು. ಒಂದು ವರ್ಷದಲ್ಲಿ ಹೃದಯದ ಸಾವು, ಹಾರ್ಟ್ ಅಟ್ಯಾಕ್ ಅಥವಾ ಅದೇ ಜಾಗಕ್ಕೆ ಮತ್ತೆ ಚಿಕಿತ್ಸೆ ಆದದ್ದು ಬರೀ ಆಂಜಿಯೋ ನೋಡಿ ಮಾಡಿದವರಲ್ಲಿ 5.8%, ಐವಸ್ ನೋಡಿ ಮಾಡಿದವರಲ್ಲಿ 2.9%. ಕಡಿಮೆ ಆದದ್ದು ಮುಖ್ಯವಾಗಿ ಮತ್ತೆ ಚಿಕಿತ್ಸೆ ಮಾಡಿಸೋ ಪ್ರಮೇಯ. 2024ರ ಯುರೋಪಿನ ಮಾರ್ಗಸೂಚಿಯೂ ಲೆಫ್ಟ್ ಮೇನ್, ಉದ್ದದ ಬ್ಲಾಕ್, ಕವಲಿನ ಬ್ಲಾಕ್ ಇಂಥ ತೊಡಕಿನ ಕಡೆ ಐವಸ್ ಅಥವಾ ಓಸಿಟಿ ಮಾಡಿ ಅಂತ ಮೇಲಿನ ದರ್ಜೆಯ ಶಿಫಾರಸು ಕೊಟ್ಟಿದೆ. ಚಿಕ್ಕ, ಸರಳ ಬ್ಲಾಕ್‌ಗೂ ಐವಸ್ ಬೇಕೇ ಬೇಕು ಅಂತ ನಾನು ಹೇಳೋದಿಲ್ಲ. ಕ್ಯಾಥೆಟರ್ ಒಬ್ಬರಿಗೆ ಬಳಸಿ ಎಸೆಯೋದು, ಬೆಲೆ ರೋಗಿಯ ತಲೆ ಮೇಲೆ ಬೀಳುತ್ತೆ. ನಿಮ್ಮ ಆರೋಗ್ಯ ಯೋಜನೆಯ ಕಾರ್ಡ್‌ನಲ್ಲಿ ಅದು ಬರುತ್ತಾ ಇಲ್ವಾ ಅಂತ ಟೇಬಲ್ ಹತ್ತೋ ಮುಂಚೆ ಕೇಳಿ. ಮೊದಲು ಇಂಥದ್ದಕ್ಕೆಲ್ಲ ಸೊಲ್ಲಾಪುರ, ಹೈದರಾಬಾದ್ ಅಂತ ಓಡುತ್ತಿದ್ದರು. ಈಗ ಕಲಬುರಗಿಯಲ್ಲೇ ಆಗುತ್ತೆ, ಆ ಖರ್ಚಾದರೂ ಉಳಿಯಿತು.

ತಮ್ಮನ ವಿಷಯ. ಬೇಡ. ಐವಸ್ ಮುಂಜಾಗ್ರತೆಗೆ ಮಾಡಿಸೋ ಟೆಸ್ಟ್ ಅಲ್ಲ. ಹೃದಯದ ನಾಳಕ್ಕೆ ತಂತಿ ಹಾಕಬೇಕು, ರಕ್ತ ತೆಳುವಾಗೋ ಔಷಧ ಕೊಡಬೇಕು. ಆಂಜಿಯೋಪ್ಲಾಸ್ಟಿಗೆ ಅಂತ ಒಳಗೆ ಹೋದಾಗ, ಇಲ್ಲವೇ ಆಂಜಿಯೋದಲ್ಲಿ ತೀರ್ಮಾನ ಆಗದಿದ್ದಾಗ ಮಾಡೋದು ಅದು. ತಮ್ಮ ಮಾಡಿಸಬೇಕಾದ್ದು ಬಿಪಿ, ಸಕ್ಕರೆ, ಕೊಲೆಸ್ಟ್ರಾಲ್. ಗುಟ್ಕಾ, ಬೀಡಿ ಇದ್ದರೆ ಬಿಡಿಸಿ. ನಡೆದಾಗ ಎದೆ ಬಿಗಿಯೋದೇನಾದರೂ ಇದ್ದರೆ ಮಾತ್ರ ಮುಂದಿನ ಪರೀಕ್ಷೆ.

ಅಪ್ಪನಿಗೂ ವರ್ಷ ವರ್ಷ ಐವಸ್ ಬೇಡ. ನೋವು ಮತ್ತೆ ಬಂದರೆ ನೋಡೋಣ. ಅವರ ಎಲ್‌ಡಿಎಲ್ ಕೊಲೆಸ್ಟ್ರಾಲ್ 55ರ ಕೆಳಗೆ ಬಂದಿದೆಯಾ ನೋಡಿ, ಬಂದಿಲ್ಲ ಅಂದ್ರೆ ಡಾಕ್ಟರಿಗೆ ಹೇಳಿ ಮಾತ್ರೆ ಹೆಚ್ಚಿಸಿಕೊಳ್ಳಿ. ಆಸ್ಪಿರಿನ್ ಜೊತೆಗಿರೋ ಎರಡನೇ ರಕ್ತ ತೆಳುವಿನ ಮಾತ್ರೆ ಎಷ್ಟು ತಿಂಗಳು ಅಂತ ಡಿಸ್‌ಚಾರ್ಜ್ ಚೀಟಿಯಲ್ಲಿ ಬರೆಸಿಕೊಳ್ಳಿ. ಹಲ್ಲು ಕೀಳಿಸೋಕೆ ಹೋದಾಗ ಯಾರೋ ‘ನಾಲ್ಕು ದಿನ ನಿಲ್ಲಿಸಿ’ ಅಂತಾರೆ, ಇವರು ನಿಲ್ಲಿಸಿಬಿಡ್ತಾರೆ. ಹಾಗೆ ಮಾಡಬೇಡಿ. ಸ್ಟೆಂಟ್ ಹಾಕಿದವರಿಗೆ ಮೊದಲು ಫೋನ್ ಮಾಡಿ ಕೇಳಿ.